ವಯಸ್ಸು ಬಿಡಿ, ಆ ತೋಟವನ್ನು ಬೇಸಿಗೆಯಲ್ಲಿ ನೋಡಿದ್ದೀರಾ?

ಐವತ್ತೆರಡಕ್ಕೆ ಬ್ಯಾಂಕ್ ಕೆಲಸ ಬಿಟ್ಟು ಬೆಳ್ತಂಗಡಿ ಕಡೆ ಮೂರು ಎಕರೆ ಅಡಿಕೆ ತೋಟ ಮಾಡುವುದು ತಡವಾಯಿತೇ ಅಂತ ಕೇಳಿದ್ದೀರಿ. ನವರಾತ್ರಿ ರಜೆಯಲ್ಲಿ ಜಾಗ ನೋಡಿ ಬಂದಿದ್ದೀರಿ, ದೀಪಾವಳಿಯೊಳಗೆ ಮುಂಗಡ ಕೊಡುವ ಯೋಚನೆಯಲ್ಲಿದ್ದೀರಿ. ಅರವತ್ತರ ತನಕ ತಡೆಯಿರಿ ಅಂತ ನಿಮ್ಮ ಮನೆಯವರು ಹೇಳುತ್ತಿದ್ದಾರೆ. ಓದುತ್ತಾ ಓದುತ್ತಾ ನನಗೆ ಎದೆ ಹೊಡೆದುಕೊಂಡಿತು. ದಯವಿಟ್ಟು ಮುಂಗಡ ಕೊಡಬೇಡಿ.

ನಾನೂ ಬ್ಯಾಂಕಿನವನೇ. ಮಂಗಳೂರಿನಲ್ಲಿ ಶಾಖೆಯೊಂದರ ಮ್ಯಾನೇಜರ್ ಆಗಿದ್ದೆ. ಬೆಳಿಗ್ಗೆ ಎನ್‌ಪಿಎ, ಅಂದರೆ ವಸೂಲಾಗದ ಸಾಲಗಳ ಪಟ್ಟಿ, ಮಧ್ಯಾಹ್ನ ವಿಮೆ ಪಾಲಿಸಿಯ ಟಾರ್ಗೆಟ್, ಸಂಜೆ ಮನೆಗೆ ಹೊರಡುವ ಹೊತ್ತಿಗೆ ಮೇಲಿನವರ ವಿಡಿಯೋ ಮೀಟಿಂಗ್. ಎಫ್‌ಡಿ ಮಾಡಿಸಲು ಬಂದ ಒಬ್ಬ ಅಜ್ಜಿಗೆ ಪಾಲಿಸಿ ಹೊಂದಿಸಿ ಕಳಿಸಿದ ದಿನ ನಾನು ಊಟ ಮಾಡಲಿಲ್ಲ. ಕೆಲಸ ಬಿಡುತ್ತೇನೆ ಅಂದರೆ ಮನೆಯಲ್ಲಿ ಯಾರೂ ನಂಬಲಿಲ್ಲ. 1906ರಿಂದ 1931ರೊಳಗೆ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಅಂತ ಐದು ಬ್ಯಾಂಕ್ ಹುಟ್ಟಿದ ನೆಲ ಇದು. ಇಲ್ಲಿ ಮಗ ಬ್ಯಾಂಕಿಗೆ ಸೇರಿದ ಅಂದರೆ ಗೆದ್ದ ಅಂತಲೇ ಲೆಕ್ಕ.

ಬಿಟ್ಟದ್ದಕ್ಕೆ ನನಗೆ ಇವತ್ತಿಗೂ ಬೇಸರ ಇಲ್ಲ. ನಾನು ಸೋತದ್ದು ಜಾಗ ನೋಡಿದ ತಿಂಗಳಿನಲ್ಲಿ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ನೀವು ಅದೇ ತಿಂಗಳಲ್ಲಿ ನೋಡಿದ್ದೀರಿ.

ನಮ್ಮಂಥವರಿಗೆ ರಜೆ ಸಿಗುವುದು ಯಾವಾಗ? ಜನವರಿ ಬಂದರೆ ವಸೂಲಿ, ಮಾರ್ಚ್ ಅಂದರೆ ಕ್ಲೋಸಿಂಗ್, ಏಪ್ರಿಲ್‌ನಲ್ಲಿ ಆಡಿಟ್, ಮೇಯಲ್ಲಿ ವರ್ಗಾವಣೆ. ಉಳಿದದ್ದು ದಸರೆ, ದೀಪಾವಳಿ. ಹಾಗಾಗಿ ನಾವು ಜಾಗ ನೋಡುವುದೇ ಮಳೆ ಬಿಟ್ಟ ಹೊಸತರಲ್ಲಿ. ಉಡುಪಿ ಕಡೆಯ ಶಿರ್ವದ ಆಚೆ ನಾನು ನೋಡಿದ ತೋಟದಲ್ಲಿ ಆಗ ತೋಡು (ಸಣ್ಣ ಹಳ್ಳ) ಮೊಣಕಾಲುದ್ದ ಹರಿಯುತ್ತಿತ್ತು. ಬಾವಿಗೆ ಬಗ್ಗಿದರೆ ಕೈಗೆ ನೀರು ಸಿಗುವ ಹಾಗಿತ್ತು. ಬೇಸಿಗೆಯಲ್ಲಿ ಹೇಗೆ ಅಂತ ಕೇಳಿದೆ. 'ಸ್ವಲ್ಪ ಇಳಿಯುತ್ತದೆ ಸರ್, ನಮ್ಮ ಕಡೆ ನೀರಿಗೇನು ಬರ' ಅಂದ ಬ್ರೋಕರ್. ನನಗೂ ಹಾಗೇ ಅನಿಸಿತು. ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿಲಿಮೀಟರ್ ಮಳೆ ಸುರಿಯುವ ಊರಲ್ಲಿ ನೀರಿಲ್ಲ ಅಂದರೆ ಯಾರು ನಂಬುತ್ತಾರೆ? ಆದರೆ ಆ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂದು ಮುಗಿಯುತ್ತದೆ. ನಮ್ಮ ತೂತು ತೂತಾದ ಮುರಕಲ್ಲಿನ ಗುಡ್ಡೆ ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಡಿಸೆಂಬರ್‌ನಿಂದ ಮುಂದಿನ ಮಳೆ ಹಿಡಿಯುವ ತನಕ ಅಡಿಕೆಗೆ ನೀರು ಬಿಡಲೇಬೇಕು. ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್. ಎಕರೆಗೆ ಸುಮಾರು 550 ಮರ ಅಂತ ಹಿಡಿದರೆ ದಿನಕ್ಕೆ ಹತ್ತು ಸಾವಿರ ಲೀಟರ್, ನಿಮ್ಮ ಮೂರು ಎಕರೆಗೆ ಮೂವತ್ತು ಸಾವಿರ. ಸಾಲದ ಅರ್ಜಿಗಳಲ್ಲಿ ದಿನವಿಡೀ ಇಂಥ ಲೆಕ್ಕ ನೋಡುತ್ತಿದ್ದವನು ನನ್ನ ಸ್ವಂತ ದುಡ್ಡಿಗೆ ಈ ಲೆಕ್ಕ ಹಾಕಲಿಲ್ಲ. ಕೆಲಸದಿಂದ ಪಾರಾದರೆ ಸಾಕು ಅನ್ನುವ ಅವಸರ ಅಷ್ಟಿತ್ತು.

ಗ್ರಾಚ್ಯುಟಿ, ಕೈಗೆ ಬಂದ ಉಳಿದ ಹಣ, ಎಲ್ಲ ಆ ಜಾಗಕ್ಕೆ ಹೋಯಿತು. ಮೊದಲ ಬೇಸಿಗೆ, ಶಿವರಾತ್ರಿ ಕಳೆದು ಸ್ವಲ್ಪ ದಿನಕ್ಕೆ ಪಂಪು ನೀರಿನ ಬದಲು ಗಾಳಿ ಎಳೆಯತೊಡಗಿತು. ಬಾವಿಯ ತಳದಲ್ಲಿ ಕೆಸರು, ಅದರ ನಡುವೆ ಫುಟ್‌ವಾಲ್ವ್ ಬಿದ್ದುಕೊಂಡಿತ್ತು. ತೋಡಿನ ಉದ್ದಕ್ಕೂ ನಡೆದು ಹೋದೆ. ಮೇಲ್ಗಡೆ ಮೂರು ತೋಟದವರು ನೀರು ತಡೆಯಲು ಕಟ್ಟ ಹಾಕಿಕೊಂಡಿದ್ದರು, ಅದೂ ತಳ ಕಂಡಿತ್ತು. ಪಕ್ಕದ ಮನೆಯ ಅಕ್ಕ ತಲೆಯ ಮೇಲಿದ್ದ ಕೊಡ ಇಳಿಸಿ, 'ಜಾಗ ನೋಡುವವರು ಈಗ ಬರಬೇಕಿತ್ತಲ್ಲ ಅಣ್ಣ, ನೀವು ಅವತ್ತು ಕಾರು ನಿಲ್ಲಿಸಿದ್ದು ನಮ್ಮ ಗೇಟಿನ ಎದುರೇ' ಅಂದರು. ಅವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಬೋರ್‌ವೆಲ್ ಕೊರೆಸಿದೆ, ಧೂಳು ಬಂತು. ಇನ್ನೊಂದು ಕೊರೆಸಲು ಮಗಳ ಹೆಸರಿನ ಎಫ್‌ಡಿ ಮುರಿದೆ, ಅದರಲ್ಲೂ ಹೆಚ್ಚೇನೂ ಸಿಗಲಿಲ್ಲ. ಅಡಿಕೆಯ ಹೂಗೊಂಚಲು ಹಿಂಗಾರ ಒಣಗಿತು, ಎಳೆಕಾಯಿ ಬುಡದಲ್ಲಿ ಉದುರಿ ಬಿದ್ದವು. ನೀರು ಸಾಲದ ಅರ್ಧ ತೋಟವನ್ನು ಕೈಬಿಡಬೇಕಾಯಿತು.

ತೋಟದಲ್ಲಿ ನೆಮ್ಮದಿ ಇರುತ್ತದೆ ಅಂತ ಬರೆದಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ. ಮಳೆಗಾಲ ಶುರುವಾಗುವ ಮೊದಲು ಒಮ್ಮೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಸಬೇಕು, ನಲವತ್ತು ನಲವತ್ತೈದು ದಿನಕ್ಕೆ ಮತ್ತೊಮ್ಮೆ. ಆಗ ಮಳೆ ಬಿಡುವು ಕೊಡಬೇಕು, ಮರ ಹತ್ತುವವರು ಸಿಗಬೇಕು. ಎರಡರಲ್ಲಿ ಒಂದು ತಪ್ಪಿದರೂ ಕಾಯಿ ಕೊಳೆತು ಉದುರುವ ಕೊಳೆರೋಗ. ಆಷಾಢದ ರಾತ್ರಿಗಳಲ್ಲಿ ಮಾಡಿನ ಮೇಲೆ ಮಳೆ ಸುರಿಯುವುದನ್ನು ಕೇಳುತ್ತಾ ಎಷ್ಟೋ ಸಲ ಎದ್ದು ಕೂತಿದ್ದೇನೆ. ಬಿಪಿ ಮಾತ್ರೆ ಈಗಲೂ ತಪ್ಪಿಲ್ಲ. ಆದರೆ ಒಬ್ಬರಿಗೆ ಬೇಡದ್ದನ್ನು ಅವರ ಕೈಗೆ ತುರುಕುವ ಕೆಲಸ ತಪ್ಪಿತು. ನನಗೆ ಬೇಕಾಗಿದ್ದದ್ದು ಅದು. ನಿಮಗೆ ಬೇಕಾದದ್ದು ಬರೀ ವಿಶ್ರಾಂತಿ ಆದರೆ ಡಾಕ್ಟರಿಗೆ ತೋರಿಸಿ, ಮೆಡಿಕಲ್ ಲೀವ್ ಹಾಕಿ. ಅದಕ್ಕೆ ಅಡಿಕೆ ತೋಟ ಬೇಡ.

ನಮ್ಮನ್ನು ಉಳಿಸಿದ್ದು ಪೆನ್ಷನ್. ಸಿಟ್ಟಿನಲ್ಲಿ ರಾಜೀನಾಮೆ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ, ಯೂನಿಯನ್‌ನ ಹಿರಿಯರೊಬ್ಬರು ಅದನ್ನು ಹರಿದು ಹಾಕಿದರು. ಬ್ಯಾಂಕ್ ನೌಕರರ 1995ರ ಪೆನ್ಷನ್ ನಿಯಮದ ಪ್ರಕಾರ ರಾಜೀನಾಮೆ ಕೊಟ್ಟವರ ಹಿಂದಿನ ಸೇವೆ ಪೂರ್ತಿ ಹೋಗುತ್ತದೆ. ಇಪ್ಪತ್ತು ವರ್ಷ ಸೇವೆ ಆಗಿದ್ದರೆ ಮೂರು ತಿಂಗಳ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿ ಪಡೆಯಬಹುದು. ನೀವೂ ಆ ಪೆನ್ಷನ್‌ನವರೇ ಆಗಿದ್ದರೆ ಈ ದಾರಿ ಬಿಟ್ಟು ಬೇರೆ ದಾರಿ ಹಿಡಿಯಬೇಡಿ, ಎಷ್ಟೇ ಬೇಸತ್ತಿದ್ದರೂ.

ಗುಡ್ಡೆಯ ಬದಿಗೆ ಗೇರು ಕಸಿ ಗಿಡ ಇಟ್ಟೆ. ಬೇರು ಹಿಡಿದ ಮೇಲೆ ಅದಕ್ಕೆ ನೀರಿನ ಹಂಗಿಲ್ಲ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯಕ್ಕೆ ಮೊದಲೇ ಹೋಗಬೇಕಿತ್ತು. ನನ್ನವಳು ಅಂಗಳದ ಬದಿಯಲ್ಲಿ ಶಂಕರಪುರ ಮಲ್ಲಿಗೆ ನೆಟ್ಟಳು. ಬೆಳಕು ಹರಿಯುವಾಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತಿಗೆ ಸರಿಯಾಗಿ ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆ ಸೀಸನ್‌ನಲ್ಲಿ ರೇಟು ಏರಿದಾಗ ಆ ಕೆಲವು ಸೆಂಟ್ಸ್ ಜಾಗ ನನ್ನ ಅಡಿಕೆಗಿಂತ ಮೊದಲು ಮನೆಗೆ ದುಡ್ಡು ತಂದಿತು.

ನಿಮ್ಮ ಮನೆಯವರ ಅರವತ್ತರ ಮಾತನ್ನೂ ನಾನು ಒಪ್ಪುವುದಿಲ್ಲ. ಹೊಸ ಅಡಿಕೆ ಗಿಡ ಫಸಲು ಕೊಡುವುದಕ್ಕೇ ಐದಾರು ವರ್ಷ ಬೇಕು, ಅರವತ್ತಕ್ಕೆ ನೆಟ್ಟು ಅರವತ್ತೈದಕ್ಕೆ ಕಾಯುವುದು ಯಾಕೆ? ಐವತ್ತೆರಡು ಒಳ್ಳೆಯ ವಯಸ್ಸೇ. ಆದರೆ ಒಂದು ಬೇಸಿಗೆ ತಡೆಯಿರಿ. ಭೂಸುಧಾರಣೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು, ಹಾಗಾಗಿ ಬ್ರೋಕರ್‌ಗಳು ಅವಸರ ಮಾಡಿಸುತ್ತಾರೆ. ಬೇರೆ ಪಾರ್ಟಿ ಕಾಯುತ್ತಿದ್ದಾರೆ ಅಂದರೆ ಕಾಯಲಿ ಬಿಡಿ. ತೋರಿಸಿದ ಜಾಗದಲ್ಲಿ ಪಟ್ಟಾ ಎಷ್ಟು, ಕುಮ್ಕಿ ಎಷ್ಟು ಅಂತ ಸರ್ವೆ ಮಾಡಿಸಿಕೊಳ್ಳಿ. ಪಟ್ಟಾ ಅಂದರೆ ಅವರ ಸ್ವಂತ ಹಕ್ಕಿನ ಜಾಗ. ಕುಮ್ಕಿ ಅದಕ್ಕೆ ತಾಗಿದ ಸರಕಾರದ ಜಾಗ, ಅದನ್ನು ಮಾರುವ ಹಕ್ಕು ಜಾಗದವರಿಗಿಲ್ಲ. ಶಿವರಾತ್ರಿಯಿಂದ ಮೇ ಕೊನೆಯ ಪತ್ತನಾಜೆಯೊಳಗೆ ಎರಡು ಮೂರು ಸಲ ಹೋಗಿ, ಲಾಸ್ ಆಫ್ ಪೇ ಆದರೂ ಸರಿ. ಪಂಪು ಹಾಕಿಸಿ, ಎಷ್ಟು ಹೊತ್ತಿಗೆ ಬಾವಿ ಬತ್ತುತ್ತದೆ, ಎಷ್ಟು ಹೊತ್ತಿಗೆ ಮತ್ತೆ ತುಂಬುತ್ತದೆ ಅಂತ ಅಲ್ಲೇ ಕೂತು ನೋಡಿ. ತೋಡಿನ ಮೇಲ್ಗಡೆ ಯಾರ್ಯಾರ ಪಂಪು ಇದೆ ಅಂತ ನಡೆದು ನೋಡಿ. ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ, ಮೇ ತಿಂಗಳಲ್ಲಿ ಕುಡಿಯುವ ನೀರು ಎಲ್ಲಿಂದ ತರುತ್ತೀರಿ ಅಂತ ಪಕ್ಕದ ಮನೆಯ ಹೆಂಗಸರನ್ನು ಅವರೇ ಕೇಳಲಿ. ಬ್ರೋಕರ್ ಜೊತೆಗಿಲ್ಲದಾಗ.