ಫೋನಿನಲ್ಲಿ ಆನ್‌ಲೈನ್ ಪಾಠ ಕೇಳಿದರೆ ಮಕ್ಕಳು ಕಲಿಕೆಯಲ್ಲಿ ಹಿಂದೆ ಬೀಳುತ್ತಾರೆಯೇ?

ಎಷ್ಟು ಹೊತ್ತು ಫೋನ್ ಹಿಡಿದಿದ್ದಾರೆ ಎನ್ನುವುದಕ್ಕಿಂತ, ಪಾಠದ ಹೊತ್ತಿನಲ್ಲಿ ಅದರಲ್ಲಿ ಇನ್ನೇನು ನಡೆಯುತ್ತಿದೆ ಎನ್ನುವುದು ಮುಖ್ಯ. ಲೆಕ್ಕದ ಮೂರನೇ ಹಂತದಲ್ಲಿರುವಾಗ ಬಂದ ವಾಟ್ಸ್‌ಆ್ಯಪ್ ಸಂದೇಶ ಓದಲು ಐದು ಸೆಕೆಂಡ್ ಸಾಕು. ಅಷ್ಟರಲ್ಲಿ ತಲೆಯಲ್ಲಿ ಹಿಡಿದಿಟ್ಟಿದ್ದ ಹಿಂದಿನ ಎರಡು ಹಂತ ಜಾರಿಹೋಗಿರುತ್ತವೆ. ಶಾಲೆಯಲ್ಲಾದರೆ ಮೇಷ್ಟ್ರು ಮುಖ ನೋಡಿ ಮತ್ತೊಮ್ಮೆ ಹೇಳುತ್ತಾರೆ. ಕ್ಯಾಮೆರಾ ಆಫ್ ಇದ್ದರೆ ಅದೂ ಇಲ್ಲ.

ಹಾಗಂತ ಎಲ್ಲ ತಪ್ಪನ್ನೂ ಫೋನಿನ ಮೇಲೆ ಹಾಕುವುದು ಅನ್ಯಾಯ. 2020ರಲ್ಲಿ ಶಾಲೆ ಮುಚ್ಚಿದಾಗ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಫೋನ್, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ಚಂದನ ವಾಹಿನಿಯ ಪಾಠ, ಶಿಕ್ಷಕರೇ ಊರಿಗೆ ಬಂದು ಕಲಿಸುವ ‘ವಿದ್ಯಾಗಮ’ ಬೇಕಾದದ್ದು ಅದಕ್ಕೇ. ಫೋನೇ ಸಿಗದ ಮಕ್ಕಳ ನಷ್ಟ ಇನ್ನೂ ದೊಡ್ಡದು.

ಫೋನೇ ಗತಿಯಾದರೆ, ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ವಿಭಾಗದಲ್ಲಿ ‘ಆ್ಯಪ್ ಪಿನ್ನಿಂಗ್’ ಆನ್ ಮಾಡಿ (ಕೆಲವು ಮಾಡೆಲ್‌ಗಳಲ್ಲಿ ಹೆಸರು ಬೇರೆ). ಇದು ಪರದೆಯನ್ನು ಒಂದೇ ಆ್ಯಪ್‌ಗೆ ಕಟ್ಟಿಹಾಕುತ್ತದೆ. ತರಗತಿಯ ಆ್ಯಪ್ ತೆರೆದು, ರೀಸೆಂಟ್ಸ್‌ಗೆ (ಇತ್ತೀಚೆಗೆ ತೆರೆದ ಆ್ಯಪ್‌ಗಳ ಪಟ್ಟಿ) ಹೋಗಿ ಅದರ ಐಕಾನ್ ಒತ್ತಿ ‘ಪಿನ್’ ಆರಿಸಿ. ಪಿನ್ ಬಿಡಿಸುವಾಗ ಪಾಸ್‌ವರ್ಡ್ ಕೇಳುವ ಆಯ್ಕೆಯನ್ನೂ ಹಾಕಿ. ಇಲ್ಲದಿದ್ದರೆ ಮಗು ಕ್ಷಣದಲ್ಲಿ ಹೊರಬರುತ್ತದೆ. ಜೊತೆಗೆ ಸಂದೇಶಗಳ ಸದ್ದು ತಡೆಯುವ ‘ಡು ನಾಟ್ ಡಿಸ್ಟರ್ಬ್’ ಇರಲಿ.

ಫೋನನ್ನು ಪುಸ್ತಕಕ್ಕೆ ಒರಗಿಸಿ ಅಡ್ಡಡ್ಡ ನಿಲ್ಲಿಸಿ. ಕೈಯಲ್ಲಿದ್ದರೆ ಬರೆಯಲಾಗದು, ಸ್ಕ್ರೀನ್‌ಶಾಟ್ ತೆಗೆದು ‘ಆಮೇಲೆ ಓದ್ತೀನಿ’ ಎನ್ನುವ ಅಭ್ಯಾಸ ಅಲ್ಲೇ ಶುರುವಾಗುವುದು. ಪಾಠ ಮುಗಿದೊಡನೆ ಫೋನ್ ಬೇರೆ ಕೋಣೆಯಲ್ಲಿಟ್ಟು, ನೋಟ್ಸ್ ಮುಚ್ಚಿ, ಕೇಳಿದ್ದನ್ನು ಹತ್ತು ನಿಮಿಷ ಬರೆಯಲು ಹೇಳಿ. ಎಲ್ಲಿ ಪೆನ್ನು ನಿಲ್ಲುತ್ತದೋ ಅದನ್ನೇ ಮರುದಿನ ಶಿಕ್ಷಕರ ಹತ್ತಿರ ಕೇಳಲಿ.