ಕಟ್ಟದ ಎಡದಂಡೆ: ಮಾತು ನಿಲ್ಲಿಸಿದ್ದ ಹುಡುಗನ ಪ್ರಕರಣ

(ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಲಾಗಿದೆ.)

ಹುಡುಗನಿಗೆ 16 ವರ್ಷ. ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಹಳ್ಳಿ, ಮನೆಮಾತು ತುಳು, ಹತ್ತನೆಯವರೆಗೆ ಕನ್ನಡ ಮಾಧ್ಯಮ. ಪ್ಲಸ್ ವನ್‌ಗೆ (ಹನ್ನೊಂದನೆಯ ತರಗತಿ) ಸೇರಿದ ಶಾಲೆಯಲ್ಲಿ ಪಾಠ ಇಂಗ್ಲಿಷಿನಲ್ಲಿ. ವಿವರಣೆ, ತಮಾಷೆ, ಜಗಳ ಎಲ್ಲ ಮಲಯಾಳದಲ್ಲಿ. ನಾಲ್ಕು ತಿಂಗಳಲ್ಲಿ ಅವನು ತರಗತಿಯಲ್ಲಿ ಬಾಯಿ ಬಿಟ್ಟದ್ದು ಹಾಜರಿ ಕರೆದಾಗ ಮಾತ್ರ. "ಹತ್ತನೆಯಲ್ಲಿ ಕ್ಲಾಸ್ ಲೀಡರ್ ಆಗಿದ್ದವ ಮೇಡಂ, ಈಗ ಅಂಗಡಿಗೆ ಹೋಗ್ಲಿಕ್ಕೂ ತಂಗಿಯನ್ನು ಕಳಿಸ್ತಾನೆ" ಎಂದರು ತಾಯಿ.

ಆಪ್ತಸಲಹೆಗೆ (ಕೌನ್ಸೆಲಿಂಗ್) ಬರುವ ಮೊದಲೇ ಒಂದು ಪ್ರಯತ್ನ ಆಗಿತ್ತು. ಸೋದರಮಾವ ಅವನನ್ನು ಮೂರು ದಿನದ ಸಾಹಸ ಶಿಬಿರಕ್ಕೆ ಸೇರಿಸಿದ್ದರು. ಅಲ್ಲಿ ಹಗ್ಗ ಹಿಡಿದು ಬಂಡೆ ಇಳಿಯುವಾಗ ಅರ್ಧದಲ್ಲಿ ಅವನ ಕೈಕಾಲು ಕಟ್ಟಿಹೋಯಿತು, ಕೆಳಗಿದ್ದವರು ಹುರಿದುಂಬಿಸಲು ಚಪ್ಪಾಳೆ ತಟ್ಟಿದರು. ಸಂಜೆ ಎಲ್ಲರೆದುರು ಅನುಭವ ಹೇಳಲು ನಿಲ್ಲಿಸಿದರು. ಮನೆಗೆ ಬಂದ ಮೇಲೆ ಎರಡು ದಿನ ಅವನು ಶಾಲೆಗೇ ಹೋಗಲಿಲ್ಲ. ಹಗ್ಗದ ಇಳಿತ ಕೆಟ್ಟ ಚಟುವಟಿಕೆಯೇನಲ್ಲ. ಆದರೆ ಅದರಲ್ಲಿ ಧೈರ್ಯದ ಪರೀಕ್ಷೆಯಿದೆ, ಹೊಣೆಯಿಲ್ಲ. ಅವನು ಇಳಿಯದೆ ಹೋದರೆ ಯಾರ ಕೆಲಸವೂ ಕೆಡುವುದಿಲ್ಲ. ಸೋತದ್ದನ್ನು ಮಾತ್ರ ಎಲ್ಲರೂ ನೋಡುತ್ತಾರೆ.

ತನ್ನ ಕೈಲಾಗುತ್ತದೆ ಎಂಬ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ನಾಲ್ಕು ಮೂಲಗಳಾಗಿ ವಿಂಗಡಿಸಿದರು: ಸ್ವತಃ ಮಾಡಿ ಗೆದ್ದದ್ದು, ತನ್ನಂಥವರು ಮಾಡುವುದನ್ನು ಕಂಡದ್ದು, ಇತರರ ಪ್ರೋತ್ಸಾಹದ ಮಾತು, ದೇಹ–ಮನಸ್ಸಿನ ಆಗಿನ ಸ್ಥಿತಿ. ಮೊದಲನೆಯದಕ್ಕೆ ಬಲ ಹೆಚ್ಚು. "ನಿನ್ನಿಂದ ಆಗುತ್ತದೆ ಮಗಾ" ಎಂದು ಮನೆಯವರು ದಿನಾ ಹೇಳುತ್ತಿದ್ದರೂ ಉಪಯೋಗವಾಗದ್ದಕ್ಕೆ ಕಾರಣ ಅಲ್ಲಿದೆ.

ಮೊದಲ ಎರಡು ಭೇಟಿಗಳಲ್ಲಿ ನಿದ್ದೆ, ಊಟ, ಬದುಕಿನ ಮೇಲಿನ ಆಸೆಯ ಬಗ್ಗೆ ನೇರವಾಗಿ ಕೇಳಲಾಯಿತು. ಇದನ್ನು ಬಿಟ್ಟು ಯಾರೂ ಮುಂದೆ ಹೋಗಬಾರದು. ವಾರಗಟ್ಟಲೆ ಶಾಲೆ ತಪ್ಪಿಸುವುದು, ನಿದ್ದೆ ಕೆಡುವುದು, ಸಾಯುವ ಮಾತು ಇವುಗಳಲ್ಲಿ ಯಾವುದಿದ್ದರೂ ಶಿಬಿರ ಮದ್ದಲ್ಲ. ವೈದ್ಯರ ಬಳಿಗೆ ಹೋಗಬೇಕು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಈ ಹುಡುಗನಲ್ಲಿ ಅಂಥದ್ದೇನೂ ಕಾಣಲಿಲ್ಲ.

ಮೂರನೆಯ ಭೇಟಿಯಲ್ಲಿ ಕೇಳಿದ ಪ್ರಶ್ನೆ: "ಮನೆಯಲ್ಲಿ ನೀನಿಲ್ಲದಿದ್ದರೆ ಯಾವ ಕೆಲಸ ನಿಲ್ಲುತ್ತದೆ?" ತುಂಬ ಹೊತ್ತು ಸುಮ್ಮನಿದ್ದು, "ಕಟ್ಟ" ಎಂದ. ತೋಡಿನ, ಅಂದರೆ ಸಣ್ಣ ಹಳ್ಳದ, ನೀರನ್ನು ಮಣ್ಣಿನ ಚೀಲಗಳಿಂದ ಅಡ್ಡಗಟ್ಟಿ ನಿಲ್ಲಿಸುವ ತಾತ್ಕಾಲಿಕ ಒಡ್ಡು ಅದು. ಹಿಂಗಾರಿನ ತುಲಾ ಮಳೆ ಬಿಟ್ಟ ಮೇಲೆ ಅಡಿಕೆ ತೋಟದ ಪಕ್ಕದ ತೋಡಿಗೆ ಅಜ್ಜನ ಜೊತೆ ವರ್ಷವೂ ಕಟ್ಟ ಹಾಕುವವನು ಅವನೇ. ಏತಡ್ಕದ ಕಡೆ ಇಂಥ ಕಟ್ಟಗಳಿಂದ ಬಾವಿಗಳಲ್ಲಿ ನೀರು ನಿಲ್ಲುವುದು ಈ ಜಿಲ್ಲೆಯವರಿಗೆ ಗೊತ್ತಿರುವ ವಿಷಯ. ಶಾಲೆಯ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕ ಆ ಡಿಸೆಂಬರ್‌ನಲ್ಲಿ ಒಂದು ಕಟ್ಟ ಹಾಕಲು ಜಾಗ ಹುಡುಕುತ್ತಿತ್ತು. ಅವನಿಗೆ ಇತರರಿಗಿಂತ ಹೆಚ್ಚು ಗೊತ್ತಿರುವ ಕೆಲಸವೊಂದು ಸಿಕ್ಕಿತು. ಸಲಹೆಯ ಅರ್ಧ ಭಾಗ ಅಲ್ಲಿಗೆ ಮುಗಿದಂತೆ.

ಶಿಕ್ಷಕರಿಗೆ ಹೇಳಿದ್ದು ಹೀಗೆ. ನಾಯಕ ಎಂಬ ಹೆಸರು, ಬ್ಯಾಡ್ಜು ಬೇಡ. ಮೊದಲ ವಾರ ಇಬ್ಬರು ಸಹಪಾಠಿಗಳೊಡನೆ ತೋಡಿನ ಅಳತೆ ತೆಗೆಯಲಿ. ಆ ಇಬ್ಬರಲ್ಲಿ ಒಬ್ಬನಿಗೆ ಅಲ್ಪಸ್ವಲ್ಪ ಕನ್ನಡವೋ ತುಳುವೋ ಬರಲಿ, ಇನ್ನೊಬ್ಬನಿಗೆ ಮಲಯಾಳ ಮಾತ್ರ ಬರಲಿ. ಎರಡನೆಯ ವಾರ ಚೀಲದ ಲೆಕ್ಕ ಅವನದು. ಮೂರನೆಯ ವಾರ ಚೀಲ ದಾಟಿಸುವ ಎಂಟು ಮಂದಿಯ ಒಂದು ಸಾಲು ಅವನ ಕೈಗೆ. ಸ್ಕೌಟಿನಲ್ಲಿ ಪಟ್ರೋಲ್ ಎಂಬ ಸಣ್ಣ ತಂಡದಲ್ಲಿ ಆರರಿಂದ ಎಂಟು ಮಂದಿ ಇರುವುದು ಸುಮ್ಮನೆಯಲ್ಲ. ಅದಕ್ಕಿಂತ ಹೆಚ್ಚಾದರೆ ಕೂಗಬೇಕಾಗುತ್ತದೆ, ಮೆಲ್ಲಗೆ ಮಾತಾಡುವ ಹುಡುಗ ಅಲ್ಲಿಯೇ ಸೋಲುತ್ತಾನೆ. ಮುಖ್ಯವಾಗಿ, ಚೀಲ ಸರಿಯಾಗಿಲ್ಲದಿದ್ದರೆ ವಾಪಸು ಕಳಿಸುವ ಅಧಿಕಾರ ಅವನಿಗಿರಬೇಕು. ಶಿಕ್ಷಕರು ಆ ತೀರ್ಮಾನವನ್ನು ಎಲ್ಲರೆದುರು ತಿದ್ದಬಾರದು. ಅಧಿಕಾರವಿಲ್ಲದೆ ಹೊಣೆ ಮಾತ್ರ ಕೊಟ್ಟರೆ ಮಕ್ಕಳು ಎರಡೇ ದಿನದಲ್ಲಿ ಅದನ್ನು ಕಂಡುಹಿಡಿಯುತ್ತಾರೆ.

ಅವನು ತಂದ ಲೆಕ್ಕ ಹೀಗಿತ್ತು: ತೋಡಿನ ಅಗಲ 3 ಮೀಟರ್, ನಿಲ್ಲಿಸಬೇಕಾದ ನೀರು 60 ಸೆಂಟಿಮೀಟರ್. ಸಿಮೆಂಟಿನ ಖಾಲಿ ಚೀಲಕ್ಕೆ ಅರ್ಧದಷ್ಟೇ ಮಣ್ಣು, ಸುಮಾರು 25 ಕಿಲೋ, ಇಬ್ಬರು ಹಿಡಿದು ದಾಟಿಸುವಷ್ಟು. ಅಗಲಕ್ಕೆ ಒಂದು ಸಾಲಿಗೆ 8 ಚೀಲ. ಅಡಿಯ ಎರಡು ಪದರಕ್ಕೆ ಮೂರು ಮೂರು ಸಾಲು, ಮೇಲಿನ ಮೂರಕ್ಕೆ ಎರಡೆರಡು, ತುದಿಗೆ ಒಂದು. ಒಟ್ಟು 104, ಸಂದು ಮುಚ್ಚಲು ಇನ್ನೊಂದು ಹತ್ತು. ಚೀಲ ಪೂರ್ತಿ ತುಂಬಿದರೆ ಉರುಟಾಗಿ ನಡುವೆ ಸಂದು ಬೀಳುತ್ತದೆ, ಅರ್ಧ ತುಂಬಿದ್ದು ಮೆಟ್ಟಿದಾಗ ಚಪ್ಪಟೆಯಾಗಿ ಕೂರುತ್ತದೆ. ತಳದ ಸೋಗೆ, ತರಗೆಲೆ ತೆಗೆಯದೆ ಚೀಲ ಇಟ್ಟರೆ ನೀರು ಅಡಿಯಿಂದಲೇ ಹೋಗುತ್ತದೆ. ಮೇಲ್ಬದಿಗೆ ಟಾರ್ಪಾಲು, ನಡುವೆ ಹೆಚ್ಚುವರಿ ನೀರು ಹರಿಯಲು ತಗ್ಗು. ಇದನ್ನೆಲ್ಲ ಅವನು ಹೇಳಿದ್ದು ತಪ್ಪುತಪ್ಪು ಮಲಯಾಳದಲ್ಲಿ, ಕೈಸನ್ನೆ ಸೇರಿಸಿ. ಯಾರೂ ನಗಲಿಲ್ಲ. ಅವರಿಗೆ ಬೇಕಾಗಿದ್ದದ್ದು ವಿಷಯ, ವ್ಯಾಕರಣವಲ್ಲ.

ಸುರಕ್ಷೆಯಲ್ಲಿ ರಾಜಿ ಇರಲಿಲ್ಲ: ಕಾಲಲ್ಲಿ ಗಾಯವಿದ್ದವರು ಇಲಿಜ್ವರದ ಅಪಾಯದಿಂದಾಗಿ ನೀರಿಗಿಳಿಯುವಂತಿಲ್ಲ, ದಂಡೆಯ ಪೊದೆಯನ್ನು ಮೊದಲು ಕೋಲಿನಿಂದ ತಟ್ಟಬೇಕು, ಮುಕ್ಕಾಲು ಗಂಟೆಗೊಮ್ಮೆ ನೀರು ಕುಡಿದು ಜಾಗ ಬದಲಿಸಬೇಕು.

ಕಟ್ಟ ಹಾಕಿದ ಮೂರನೆಯ ದಿನ ಎಡದಂಡೆಯಲ್ಲಿ ನೀರು ಸೋರಿತು. ಚೀಲವನ್ನು ದಂಡೆಯ ಒಳಗೆ ಒಂದು ಮೊಳ ಕೊರೆದು ಕೂರಿಸಿರಲಿಲ್ಲ. ಹುಡುಗ ಮರುದಿನ ಶಾಲೆಗೆ ಬರಲಿಲ್ಲ. ಹಳೆಯ ಶಿಬಿರದ ಗಾಯ ಮತ್ತೆ ತೆರೆಯುವ ಸಂದರ್ಭ ಇದೇ, ಮತ್ತು ಎಲ್ಲರೂ ಎಡವುವುದೂ ಇಲ್ಲಿಯೇ. ತಂದೆ "ಪರವಾಗಿಲ್ಲ, ಅದೇನು ಮಹಾ" ಎನ್ನಲು ಹೊರಟಿದ್ದರು, ಬೇಡವೆಂದು ತಡೆಯಲಾಯಿತು. ಹಾಗೆಂದರೆ ಅವನ ಕೆಲಸವೇ ಮಹತ್ವದ್ದಲ್ಲ ಎಂದಂತಾಗುತ್ತದೆ. ಶಿಕ್ಷಕರು ತಾವೇ ಸರಿಪಡಿಸಲು ಹೊರಟಿದ್ದರು, ಅದೂ ಬೇಡ. ಕೇಳಬೇಕಾದದ್ದು ಮೂರೇ ಪ್ರಶ್ನೆ: ಏನಾಯಿತು, ಯಾಕಾಯಿತು, ಈಗ ಏನು ಮಾಡೋಣ. "ಯಾರಿಂದಾಯಿತು" ಎಂಬುದು ಆ ಪಟ್ಟಿಯಲ್ಲಿಲ್ಲ. ಅಜ್ಜ ತೋಟದಲ್ಲಿ ನಿಂತೇ ಕೇಳಿದರು. ಶನಿವಾರ ಅವನು ನಾಲ್ವರನ್ನು ಕರೆದುಕೊಂಡು ಹೋಗಿ ಅಂಚಿನ ಚೀಲ ತೆಗೆದು, ಹಾರೆಯಿಂದ ದಂಡೆ ಕೊರೆದು, ಜೇಡಿ ಮಣ್ಣು ಮೆತ್ತಿ ಮತ್ತೆ ಕೂರಿಸಿದ. ನಾಲ್ವರನ್ನು ಅವನೇ ಫೋನ್ ಮಾಡಿ ಕರೆದದ್ದು, ಮಲಯಾಳದಲ್ಲಿ.

ಮನೆಯವರಿಗೆ ಕೊಟ್ಟ ಸಲಹೆ: ನೆಂಟರೆದುರು ಅವನ ಸಾಧನೆ ಹಾಡಬೇಡಿ, ಕೆಲಸದ ವಿವರ ಕೇಳಿ. "ಶಹಬ್ಬಾಸ್" ಬದಲು "ಟಾರ್ಪಾಲು ಎಷ್ಟು ಬೇಕಾಯಿತು?" ಎನ್ನಿ. ಅಂಗಡಿಗೆ ತಂಗಿಯನ್ನು ಕಳಿಸುವುದನ್ನು ನಿಲ್ಲಿಸಿ, ಆದರೆ ಒಮ್ಮೆಲೇ ಅಲ್ಲ. ಮೊದಲು ಇಬ್ಬರೂ ಹೋಗಲಿ, ಮಾತು ಅವನಾಡಲಿ.

ಕ್ರಿಸ್‌ಮಸ್ ರಜೆಯ ಏಳು ದಿನದ ಎನ್ನೆಸ್ಸೆಸ್ ಶಿಬಿರದಲ್ಲಿ ಅವನಿಗೆ ಅಡುಗೆಮನೆಯ ಸಾಮಾನಿನ ಹೊಣೆ ಇತ್ತು. ಕೊನೆಯ ದಿನದ ಸಭೆಯಲ್ಲಿ ಮಾತಾಡಲು ಕರೆದಾಗ ಒಲ್ಲೆ ಎಂದ. ಅದನ್ನು ಸೋಲೆಂದು ದಾಖಲಿಸಿಲ್ಲ. ಮೊದಲ ಶಿಬಿರದಲ್ಲಿ ಒಲ್ಲೆ ಎನ್ನಲೂ ಅವನಿಗೆ ಆಗಿರಲಿಲ್ಲ. ತರಗತಿಯಲ್ಲಿ ಈಗ ಪ್ರಶ್ನೆ ಕೇಳುತ್ತಾನೆ, ಭೌತಶಾಸ್ತ್ರದಲ್ಲಿ ಮಾತ್ರ. ಮಳೆಗಾಲಕ್ಕೆ ಮುಂಚೆ ಕಟ್ಟ ಬಿಚ್ಚಬೇಕು, ಚೀಲ ತೊಳೆದು ಒಣಗಿಸಿಡಬೇಕು. ಮುಂದಿನ ಭೇಟಿಯನ್ನು ಆ ಕೆಲಸ ಮುಗಿದ ವಾರಕ್ಕೆ ಇಡಲಾಗಿದೆ.