ಬಸ್ಸು ನಿಂತರೆ ಆಟವೂ ನಿಲ್ಲಬೇಕೆ?

ಕಾಲೇಜು ಕ್ರೀಡೆಯ ಬಗ್ಗೆ ಓದುಗರ ಪ್ರಶ್ನೆಗಳಿಗೆ ಬೆಳಗಾವಿಯ ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕಿಯೊಬ್ಬರ ಉತ್ತರ

ಪ್ರಶ್ನೆ: ಮೇಡಂ, ನನ್ನ ಮಗಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ, ಕಾಲೇಜಿನ ಖೋ-ಖೋ ತಂಡದಲ್ಲಿ ಆಡುತ್ತಾಳೆ. ಗಡಿ ಗಲಾಟೆ ಎದ್ದಾಗಲೆಲ್ಲ ಮಹಾರಾಷ್ಟ್ರದ ಕಡೆಯ ಪಂದ್ಯಗಳು ರದ್ದಾಗುತ್ತವೆ. ಅಮೆರಿಕದಲ್ಲೂ ರಾಜ್ಯ ಸರ್ಕಾರಗಳು ಕಾಲೇಜು ತಂಡಗಳ ಪ್ರಯಾಣಕ್ಕೆ ತಡೆ ಹಾಕಿದ್ದವು ಎಂದು ಓದಿದೆ. ದೊಡ್ಡವರ ಜಗಳಕ್ಕೆ ಮಕ್ಕಳ ಆಟ ನಿಲ್ಲಿಸುವುದು ಸರಿಯೇ?
– ಒಬ್ಬ ತಂದೆ, ಚಿಕ್ಕೋಡಿ

ಉತ್ತರ: ನಿಮ್ಮ ಪತ್ರ ಓದುತ್ತಲೇ 2022ರ ಡಿಸೆಂಬರ್ ಕಣ್ಣಮುಂದೆ ಬಂತು. ಆಗ ನಾನಿನ್ನೂ ಕೆಲಸದಲ್ಲಿದ್ದೆ. ಕೊಲ್ಲಾಪುರದ ಕಾಲೇಜೊಂದು ನಮ್ಮ ಹುಡುಗಿಯರ ಖೋ-ಖೋ ತಂಡವನ್ನು ಆಡಲು ಕರೆದಿತ್ತು. ಹನ್ನೆರಡು ಹುಡುಗಿಯರು, ಎರಡು ತಿಂಗಳ ತಾಲೀಮು. ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿ ಮಂಜು ಇರುತ್ತಿತ್ತು, ಕಂಬ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು, ಆದರೂ ಒಬ್ಬಳೂ ತಪ್ಪಿಸಿದವಳಲ್ಲ. ಹೊರಡಲು ಮೂರು ದಿನ ಉಳಿದಾಗ ಗಲಾಟೆ ಜೋರಾಯಿತು. ಹಿರೇಬಾಗೇವಾಡಿ ಟೋಲ್ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು, ಪುಣೆಯಲ್ಲಿ ನಮ್ಮ ಬಸ್ಸುಗಳಿಗೆ ಮಸಿ ಬಳಿದರು, ಎರಡು ರಾಜ್ಯಗಳ ನಡುವೆ ಬಸ್ ಸಂಚಾರವೇ ನಿಂತಿತು. ಕ್ರೂಸರ್ ಗಾಡಿಗೆ ಕೊಟ್ಟಿದ್ದ ಮುಂಗಡ ವಾಪಸ್ ತರಬೇಕಾಯಿತು.

ತಂಡದಲ್ಲಿ ಖಾನಾಪುರ ಕಡೆಯ ಒಬ್ಬ ಹುಡುಗಿ ಇದ್ದಳು, ಮನೆಮಾತು ಮರಾಠಿ, ನಮ್ಮ ಜೊತೆ ಕನ್ನಡ. ಅವಳ ಚಿಗವ್ವ ಕೊಲ್ಲಾಪುರದಲ್ಲೇ ಇದ್ದಳು, ತಂಡಕ್ಕೆಲ್ಲ ಊಟಕ್ಕೆ ಹೇಳಿದ್ದಳಂತೆ. ಆ ಹುಡುಗಿ ನನ್ನ ಮುಂದೆ ನಿಂತು ಕೇಳಿದ್ದು ಇಷ್ಟೇ: “ಮೇಡಂ, ನಾವೇನು ಗಡಿ ಕೇಳಾಕ ಹೊಂಟೇವೇನ್ರಿ? ಆಡಾಕ ಹೊಂಟೇವ್ರಿ.” ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಕಲ್ಲು ಬೀಳುವ ರಸ್ತೆಯಲ್ಲಿ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಹೋಗುವ ಧೈರ್ಯ ನನಗೂ ಇರಲಿಲ್ಲ. ಆ ವಾರ ಹೋಗದೇ ಇದ್ದದ್ದು ಸರಿಯೇ. ನನ್ನ ಸಿಟ್ಟು ಆಮೇಲಿನದರ ಮೇಲೆ. ಕೆಲವೇ ದಿನಗಳಲ್ಲಿ ಬಸ್ಸುಗಳು ಓಡಾಡಿದವು, ತರಕಾರಿ ಹೋಯಿತು, ಸಕ್ಕರೆ ಹೋಯಿತು. ನಮ್ಮ ಹುಡುಗಿಯರ ಪಂದ್ಯಕ್ಕೆ ಮಾತ್ರ ಮತ್ತೊಂದು ದಿನಾಂಕ ಹಾಕಲು ಯಾರಿಗೂ ನೆನಪಾಗಲಿಲ್ಲ. ಡಿಗ್ರಿ ಮೂರೇ ವರ್ಷ. ಅದರಲ್ಲಿ ಒಂದು ಹಂಗಾಮು ಹೋದರೆ ಮೂರರಲ್ಲಿ ಒಂದು ಹೋದಂತೆ.

ಅಮೆರಿಕದ ಸುದ್ದಿ ನೀವು ಓದಿದ್ದು ನಿಜ. 2016ರಲ್ಲಿ ನಾರ್ತ್ ಕ್ಯಾರೊಲಿನಾ ರಾಜ್ಯ ಒಂದು ಕಾನೂನು ತಂದಿತು: ಸರ್ಕಾರಿ ಕಟ್ಟಡಗಳಲ್ಲಿ ಜನನ ಪ್ರಮಾಣಪತ್ರದಲ್ಲಿ ಬರೆದ ಲಿಂಗದ ಶೌಚಾಲಯವನ್ನೇ ಬಳಸಬೇಕು ಎಂದು. ಲಿಂಗತ್ವ ಅಲ್ಪಸಂಖ್ಯಾತರಿಗೆ ಇದು ಅವಮಾನ ಎಂದು ನ್ಯೂಯಾರ್ಕ್ ಗವರ್ನರ್ ಆ ರಾಜ್ಯಕ್ಕೆ ಸರ್ಕಾರಿ ಪ್ರಯಾಣ ನಿಲ್ಲಿಸಿದರು. ಅಲ್ಬನಿ ಸರ್ಕಾರಿ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಹುಡುಗರು ಆ ನವೆಂಬರ್‌ನಲ್ಲಿ ನಾರ್ತ್ ಕ್ಯಾರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದ ಅಂಗಳದಲ್ಲಿ ಆಡಬೇಕಿತ್ತು, ಆ ಪಂದ್ಯ ರದ್ದಾಯಿತು. ಅವರ ಜಾಗಕ್ಕೆ ಡ್ಯೂಕ್ ಯಾರನ್ನು ಕರೆಯಿತು ಗೊತ್ತೇ? ಅದೇ ನ್ಯೂಯಾರ್ಕ್ ರಾಜ್ಯದ ಮಾರಿಸ್ಟ್ ಎಂಬ ಖಾಸಗಿ ಕಾಲೇಜನ್ನು. ಆದೇಶ ಸರ್ಕಾರಿ ಸಂಸ್ಥೆಗಳಿಗಷ್ಟೇ ಇತ್ತು. ಡ್ಯೂಕ್‌ಗೆ ಪಂದ್ಯ ತಪ್ಪಲಿಲ್ಲ, ತಪ್ಪಿದ್ದು ಸರ್ಕಾರಿ ಕಾಲೇಜಿನ ಮಕ್ಕಳಿಗೆ.

ಕ್ಯಾಲಿಫೋರ್ನಿಯಾ ಇನ್ನೂ ಮುಂದೆ ಹೋಗಿ ಕಾನೂನನ್ನೇ ಮಾಡಿತು. 2017ರ ಜನವರಿಯಿಂದ, ಇಂಥ ಕಾನೂನು ಇರುವ ರಾಜ್ಯಗಳಿಗೆ ಸರ್ಕಾರಿ ದುಡ್ಡಿನಲ್ಲಿ ಪ್ರಯಾಣ ಇಲ್ಲ. ಮೊದಲು ನಾಲ್ಕು ರಾಜ್ಯಗಳಿದ್ದ ಪಟ್ಟಿ 20 ದಾಟಿತು. ತಂಡಗಳು ದಾನಿಗಳ ದುಡ್ಡಿನಲ್ಲಿ ಹೋಗಿಬಂದವು. ಆ ರಾಜ್ಯಗಳ ಕಾನೂನು ಬದಲಾಗುವ ಬದಲು ಪಟ್ಟಿಯೇ ಬೆಳೆಯಿತು, ಕೊನೆಗೆ 2023ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ತಾನೇ ಅದನ್ನು ರದ್ದು ಮಾಡಿತು. ಅವರ ಉದ್ದೇಶ ಒಳ್ಳೆಯದೇ, ನಾನು ಅದನ್ನು ಗೌರವಿಸುತ್ತೇನೆ. ಆದರೆ ಶೌಚಾಲಯದ ಕಾನೂನು ಮಾಡಿದವರು ಬಾಸ್ಕೆಟ್‌ಬಾಲ್ ಆಡುವ ಹುಡುಗರಲ್ಲವಲ್ಲ.

ಪ್ರಶ್ನೆ: ಹಾಗಾದರೆ ಬಹಿಷ್ಕಾರವೇ ತಪ್ಪೇ ಮೇಡಂ? ನಮ್ಮ ದೇಶ ದಕ್ಷಿಣ ಆಫ್ರಿಕಾದ ಜೊತೆ ಆಡದೇ ಇದ್ದದ್ದು?
– ಸೈಕ್ಲಿಂಗ್ ಮಾಡುವ ವಿದ್ಯಾರ್ಥಿ, ವಿಜಯಪುರ

ಉತ್ತರ: ತಪ್ಪಲ್ಲ ತಮ್ಮಾ. 1974ರಲ್ಲಿ ನಮ್ಮ ಟೆನಿಸ್ ತಂಡ ಡೇವಿಸ್ ಕಪ್ ಫೈನಲ್ ತಲುಪಿತ್ತು. ವಿಜಯ್ ಮತ್ತು ಆನಂದ್ ಅಮೃತರಾಜ್ ಒಳ್ಳೆಯ ಲಯದಲ್ಲಿದ್ದರು. ಎದುರಾಳಿ ದಕ್ಷಿಣ ಆಫ್ರಿಕಾ. ಭಾರತ ಆಡಲಿಲ್ಲ, ಕಪ್ ಅವರ ಪಾಲಾಯಿತು. ಅಲ್ಲಿ ಕರಿಯರಿಗೆ ತಂಡದಲ್ಲೇ ಜಾಗ ಇರಲಿಲ್ಲ, ಬಿಳಿಯರ ಜೊತೆ ಒಂದೇ ಅಂಗಳದಲ್ಲಿ ನಿಲ್ಲುವಂತಿರಲಿಲ್ಲ. ಅನ್ಯಾಯ ಇದ್ದದ್ದು ಆಟದ ಒಳಗೇ. ಅಂಥ ಆಟವನ್ನು ಬಿಡುವುದೇ ಆಟಕ್ಕೆ ಕೊಡುವ ಮರ್ಯಾದೆ.

ಇದರ ಉಲ್ಟಾ ಕಥೆಯೂ ಇದೆ. ಅಮೆರಿಕದ ಮಿಸಿಸಿಪಿ ಸ್ಟೇಟ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡ 1959, 1961, 1962ರಲ್ಲಿ ತನ್ನ ವಲಯದಲ್ಲಿ ಗೆದ್ದರೂ ರಾಷ್ಟ್ರೀಯ ಪಂದ್ಯಾವಳಿಗೆ ಹೋಗಲಿಲ್ಲ. ಕರಿಯ ಆಟಗಾರರಿರುವ ತಂಡದ ಎದುರು ಆಡಬಾರದು ಎಂಬುದು ಆ ರಾಜ್ಯದ ಅಲಿಖಿತ ಕಟ್ಟಳೆ. 1963ರಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷರು ಹೋಗಲಿ ಎಂದರು. ವಿರೋಧಿಗಳು ಕೋರ್ಟಿನಿಂದ ತಡೆಯಾಜ್ಞೆ ತಂದರು. ಅದು ಕೈಗೆ ತಲುಪುವ ಮೊದಲೇ ಕೋಚ್ ರಾಜ್ಯದ ಗಡಿ ದಾಟಿದರು, ಮರುದಿನ ಹುಡುಗರು ವಿಮಾನ ಹತ್ತಿದರು. ಎದುರಿಗಿದ್ದ ಲಯೋಲಾ ತಂಡದ ಮೊದಲ ಐವರಲ್ಲಿ ನಾಲ್ವರು ಕರಿಯರು. ಆಟಕ್ಕೆ ಮುಂಚೆ ಇಬ್ಬರು ನಾಯಕರು ಕೈಕುಲುಕಿದರು. ಮಿಸಿಸಿಪಿ 51–61ರಿಂದ ಸೋತಿತು, ನನ್ನ ಕಣ್ಣಿಗೆ ಅವರು ಸೋತವರಲ್ಲ.

ಇತ್ತೀಚಿನದು 2023ರ ಜುಲೈ. ಚೀನಾದ ಚೆಂಗ್ಡುವಿನಲ್ಲಿ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟ. ನಮ್ಮ ವುಶು (ಚೀನಾ ಮೂಲದ ಸಮರಕಲೆ) ತಂಡದ ಮೂವರು ಅರುಣಾಚಲದ ಹುಡುಗಿಯರಿಗೆ ಪಾಸ್‌ಪೋರ್ಟಿನಲ್ಲಿ ಮುದ್ರೆ ಒತ್ತದೆ, ಬೇರೆ ಹಾಳೆಗೆ ಪಿನ್ ಹೊಡೆದ ವೀಸಾ ಕೊಟ್ಟರು. ನಿಮ್ಮ ಊರು ಭಾರತದ್ದಲ್ಲ ಎಂದು ಹೇಳಿದ ಹಾಗೆ. ಸರ್ಕಾರ ಇಡೀ ವುಶು ತಂಡವನ್ನು ವಿಮಾನ ನಿಲ್ದಾಣದಿಂದ ವಾಪಸ್ ಕರೆಯಿತು. ಉಳಿದ ಆಟಗಳಲ್ಲಿ ನಮ್ಮವರು 26 ಪದಕ ತಂದರು, ವುಶು ಮಕ್ಕಳು ಮನೆಯಲ್ಲಿದ್ದರು. ಆದರೂ ಆ ನಿರ್ಧಾರ ನನಗೆ ಒಪ್ಪಿಗೆ. ಹುಟ್ಟಿದ ಊರು ನೋಡಿ ಮೂವರನ್ನು ಬೇರೆ ಮಾಡಿದರೆ ಉಳಿದವರು ಅವರನ್ನು ಬಿಟ್ಟು ಹೇಗೆ ಹೋಗುತ್ತಾರೆ? ಎರಡೇ ತಿಂಗಳಿಗೆ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟಕ್ಕೂ ಅದೇ ಮೂವರಿಗೆ ಹೋಗಲಾಗಲಿಲ್ಲ. ಅಲ್ಲಿ ವುಶುವಿನಲ್ಲಿ ಬೆಳ್ಳಿ ಗೆದ್ದ ಮಣಿಪುರದ ರೋಶಿಬಿನಾ ದೇವಿ ಪದಕವನ್ನು ಆ ಗೆಳತಿಯರಿಗೆ ಅರ್ಪಿಸಿದಳು. ಟಿವಿ ಮುಂದೆ ಕೂತು ನಾನು ಅತ್ತೆ.

ಪ್ರಶ್ನೆ: ಕೊನೆಯ ವರ್ಷದವರ ಗತಿ ಏನು? ಈಗ ಏನಾದರೂ ಮಾಡಬಹುದೇ?
– ಆಟಗಾರ್ತಿ, ಬಾಗಲಕೋಟೆ

ಉತ್ತರ: ಎಂ.ಕಾಂ., ಎಂ.ಎ. ಸೇರಿದರೆ, ವಯಸ್ಸಿನ ಮಿತಿಯೊಳಗೆ ಇರುವ ತನಕ ವಿಶ್ವವಿದ್ಯಾಲಯ ತಂಡದ ಬಾಗಿಲು ಮುಚ್ಚುವುದಿಲ್ಲ ತಂಗಿ, ಓದು ಬಿಡಬೇಡ. ಪಂದ್ಯ ರದ್ದಾದಾಗ ಕಾರಣವನ್ನು ಬರಹದಲ್ಲಿ ಕೇಳು. ‘ಮುಂದೂಡಲಾಗಿದೆ’ ಎಂದು ಬರೆಸು, ‘ರದ್ದು’ ಎಂದಲ್ಲ. ನಿಮ್ಮ ಪಿ.ಇ. ಸರ್ ಅಥವಾ ಮೇಡಂ ಕಡೆಯಿಂದ ಆಚೆ ಊರಿನ ಕಾಲೇಜಿಗೆ ಅದೇ ದಿನ ಫೋನ್ ಮಾಡಿಸಿ, ಗಲಾಟೆ ತಣ್ಣಗಾದ ಮೇಲೆ ಅವರನ್ನೇ ನಿಮ್ಮ ಅಂಗಳಕ್ಕೆ ಕರೆಸಿ. 2022ರ ಆ ಗಲಾಟೆಯ ನಂತರ ನಾನು ಆ ಫೋನ್ ಮಾಡಲು ಮರುವರ್ಷದ ಜನವರಿ ಕೊನೆಯ ತನಕ ಕಾದೆ, ಅಷ್ಟರಲ್ಲಿ ಅವರ ಪರೀಕ್ಷೆ ಶುರುವಾಗಿತ್ತು.